ಓಡಿದಷ್ಟೂ ಬೆನ್ನು ಬಿಡದ ನೊಣ

ಮೊದಲು ಕಚ್ಚಿದ್ದು ಕಿವಿಯ ಹಿಂದೆ. ಸೂಜಿ ಚುಚ್ಚಿದ ಹಾಗಲ್ಲ, ಸಣ್ಣ ಕತ್ತರಿಯಲ್ಲಿ ಚರ್ಮದ ಚೂರೊಂದನ್ನು ಯಾರೋ ಕತ್ತರಿಸಿಕೊಂಡ ಹಾಗೆ. "ಅಮ್ಮಾ!" ಅಂತ ಕೂಗಿ ಕೈ ಇಟ್ಟರೆ ಬೆರಳಿಗೆ ರಕ್ತ ಹತ್ತಿತು.

ಮುಂದೆ ಹೋಗುತ್ತಿದ್ದ ಅಕ್ಕ ತಿರುಗಿ ನೋಡಿದಳು. "ಏನೇ, ಜೇನಾ?"

ಜೇನಲ್ಲ, ನೊಣ. ಅದೂ ಒಂದಲ್ಲ. ಇನ್ನೂ ಮೂರ್ನಾಲ್ಕು ನನ್ನ ತಲೆಯ ಸುತ್ತ ಗುಂಯ್ ಅಂತ ಸುತ್ತುತ್ತಿದ್ದವು. ಅಕ್ಕನ ಹತ್ತಿರ ಒಂದೂ ಇಲ್ಲ. ನನಗೆ ನೋವಿಗಿಂತ ಆ ಅನ್ಯಾಯಕ್ಕೇ ಸಿಟ್ಟು ಬಂತು.

ಅನ್ಯಾಯವೇನೂ ಅಲ್ಲ ಅಂತ ಆಮೇಲೆ ಗೊತ್ತಾಯಿತು. ನಾವು ಹೋಗಿದ್ದು ಕಾಡಿನ ಅಂಚಿನಲ್ಲಿ, ಜೌಗು ನೆಲದ ಪಕ್ಕ ಹಾದುಹೋಗುವ ಕಾಲುದಾರಿಗೆ. ಬೆಳಿಗ್ಗೆ 11 ಗಂಟೆ, ಚುರುಕು ಬಿಸಿಲು, ಎಲೆ ಅಲುಗದಷ್ಟು ಗಾಳಿಯಿಲ್ಲದ ಹೊತ್ತು. ನನ್ನ ಮೈಮೇಲೆ ಕಡುನೀಲಿ ಟೀ ಶರ್ಟು, ಸೆಕೆ ಅಂತ ಕೂದಲನ್ನು ಮೇಲೆತ್ತಿ ಕಟ್ಟಿದ್ದರಿಂದ ಕತ್ತು ಪೂರ್ತಿ ಬಯಲು. ಅಕ್ಕ ತಿಳಿಬಣ್ಣದ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಹಾಕಿಕೊಂಡು ಬಂದಿದ್ದಳು. "ಜೇನು ಬಿಡಿಸೋಕೆ ಹೊರಟಿದ್ದೀಯಾ?" ಅಂತ ಹೊರಡುವಾಗ ನಾನೇ ನಕ್ಕಿದ್ದೆ.

ಇದು ಜಿಂಕೆ ನೊಣ, ಅಂದರೆ ಡೀರ್ ಫ್ಲೈ. ಕುದುರೆ ನೊಣದ ಕುಟುಂಬದ್ದೇ, ಆದರೆ ಅದಕ್ಕಿಂತ ಚಿಕ್ಕದು. ಕಪ್ಪು, ಕಡುನೀಲಿ ಬಣ್ಣ ಅಂದರೆ ಇದಕ್ಕೆ ಇಷ್ಟ. ಬಿಸಿಲಿರುವ, ಗಾಳಿಯಿಲ್ಲದ ಹಗಲು ಅಂದರೆ ಇನ್ನೂ ಇಷ್ಟ. ನೀರಿನ ಅಂಚಿನ ಗಿಡಗಳಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳು ಒದ್ದೆ ಮಣ್ಣಿನಲ್ಲಿ ಬೆಳೆಯುತ್ತದೆ. ಅಂದರೆ ನಾನು ಸರಿಯಾದ ಬಟ್ಟೆ ತೊಟ್ಟು, ಸರಿಯಾದ ಹೊತ್ತಿಗೆ, ಸರಿಯಾಗಿ ಅದರ ಮನೆ ಬಾಗಿಲಿಗೇ ಹೋಗಿ ನಿಂತಿದ್ದೆ!

ಸೊಳ್ಳೆ ಮುಲಾಮು ಹಚ್ಚಿಕೊಂಡಿದ್ದೆ ಅನ್ನುವುದು ನನ್ನ ಧೈರ್ಯ. ಕೈಕಾಲಿಗೆ ಬಳಿದುಕೊಂಡು, ಕತ್ತಿಗೂ ಒಂದಿಷ್ಟು ಸವರಿಕೊಂಡಿದ್ದೆ. ಆದರೆ ಈ ನೊಣ ಬೇಟೆ ಹುಡುಕುವುದು ಹೆಚ್ಚಾಗಿ ಕಣ್ಣಿನಿಂದ. ನಾವು ಉಸಿರಾಡಿ ಬಿಡುವ ಇಂಗಾಲದ ಡೈಆಕ್ಸೈಡು, ಮೈಯ ಬಿಸಿ ಇವೂ ಅದನ್ನು ಕರೆಯುತ್ತವೆ, ನಿಜ. ಆದರೂ ಅಲುಗಾಡುವ ಗಾಢ ಬಣ್ಣದ ವಸ್ತು ಕಂಡರೆ ಸಾಕು, ಹಿಂದೆ ಬೀಳುತ್ತದೆ. ಹಾಗಾಗಿ ಸೊಳ್ಳೆಯನ್ನು ತಡೆಯುವಷ್ಟು ಚೆನ್ನಾಗಿ ಮುಲಾಮು ಇದನ್ನು ತಡೆಯುವುದಿಲ್ಲ.

ಅಲುಗಾಡುವುದು ಅಂದೆನಲ್ಲ, ನಾನು ಮಾಡಿದ್ದು ಬರೀ ಅದನ್ನೇ. ಎರಡೂ ಕೈ ಬೀಸುತ್ತಾ ಓಡಿದೆ. ಓಡಿದಷ್ಟೂ ಅವು ಹಿಂದೆ ಬಂದವು. ಎರಡನೆಯದು ಕತ್ತಿಗೆ ಕಚ್ಚಿತು, ಮೂರನೆಯದು ನೆತ್ತಿಗೆ, ಕೂದಲಿನ ಒಳಗೇ ನುಗ್ಗಿ.

ಓಟದ ಮಾತು ಬಂದಿದ್ದಕ್ಕೆ ಒಂದು ಕಥೆ. ಜಿಂಕೆಯ ಹೆಸರೇ ಇರುವ ಬೇರೊಂದು ನೊಣವಿದೆ, ಡೀರ್ ಬಾಟ್ ಫ್ಲೈ. ಅದು ಗಂಟೆಗೆ 800 ಮೈಲಿಗೂ ಜಾಸ್ತಿ ವೇಗದಲ್ಲಿ ಹಾರುತ್ತದೆ ಅಂತ 1920ರ ದಶಕದಲ್ಲಿ ಟೌನ್‌ಸೆಂಡ್ ಎಂಬ ಕೀಟತಜ್ಞ ಬರೆದುಬಿಟ್ಟಿದ್ದರು. ಬಹಳ ಜನ ನಂಬಿದರು ಕೂಡ. ನೊಬೆಲ್ ಪಡೆದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮ್ಯೂರ್ 1938ರಲ್ಲಿ ಲೆಕ್ಕ ಹಾಕಿ, ಸುಮಾರು 25 ಮೈಲಿ ಇರಬಹುದು ಅಷ್ಟೇ ಅಂದರು. ಅವತ್ತು ಆ ದಾರಿಯಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ ನಾನು ಟೌನ್‌ಸೆಂಡರ ಪರವಾಗಿ ಸಾಕ್ಷಿ ಹೇಳುತ್ತಿದ್ದೆ.

"ನಿಲ್ಲು ಕಣೇ! ಕೈ ಬೀಸಬೇಡ!" ಅಕ್ಕ ಹಿಂದಿನಿಂದ ಕೂಗುತ್ತಾ ಬಂದಳು. ತನ್ನ ಹೆಗಲ ಮೇಲಿದ್ದ ಬಿಳಿ ಟವೆಲನ್ನು ನನ್ನ ತಲೆಯ ಮೇಲೆ ಹೊದಿಸಿ, ಕತ್ತು ಮುಚ್ಚುವ ಹಾಗೆ ಸುತ್ತಿದಳು. ಆಮೇಲೆ ಒಂದು ಎಲೆಗೊಂಚಲಿನ ಕಡ್ಡಿ ಮುರಿದು ಕೈಗೆ ಕೊಟ್ಟಳು. "ತಲೆಗಿಂತ ಮೇಲೆ ಎತ್ತಿ ಹಿಡಿ. ಅವು ಎತ್ತರದ ತುದಿಗೆ ಹೋಗ್ತವೆ." ನಂಬಿಕೆ ಇರಲಿಲ್ಲ. ಆದರೂ ಹಿಡಿದೆ. ಎರಡು ನೊಣ ನಿಜವಾಗಿಯೂ ಮೇಲಕ್ಕೆ ಹೋಗಿ ಆ ಎಲೆಗಳನ್ನು ಸುತ್ತತೊಡಗಿದವು. ಮೆರವಣಿಗೆಯಲ್ಲಿ ಬಾವುಟ ಹಿಡಿದವಳ ಹಾಗೆ ಕಡ್ಡಿ ಹಿಡಿದುಕೊಂಡೇ ಕಾರಿನವರೆಗೂ ನಡೆದೆ.

ಕಾರಿನೊಳಗೂ ಒಂದು ಬಂತು. ಬಂದಿದ್ದೇ ಗಾಜಿಗೆ ಬಡಿದುಕೊಳ್ಳುತ್ತಾ ನಮ್ಮನ್ನು ಮರೆತೇ ಬಿಟ್ಟಿತು. ಆಗಲೇ ನಾನು ಅದನ್ನು ಸರಿಯಾಗಿ ನೋಡಿದ್ದು. ಮನೆನೊಣಕ್ಕಿಂತ ಸ್ವಲ್ಪ ದೊಡ್ಡದು. ರೆಕ್ಕೆಯ ಮೇಲೆ ಕಂದು ಪಟ್ಟಿ. ಕಣ್ಣು ಮಾತ್ರ ಹಸಿರು, ಬಂಗಾರ ಬೆರೆತು ಮಿನುಗುತ್ತಿತ್ತು. ಇದರ ಕುಲದ ಹೆಸರು ಕ್ರೈಸಾಪ್ಸ್, ಗ್ರೀಕ್ ಭಾಷೆಯಲ್ಲಿ ಬಂಗಾರದ ಕಣ್ಣು ಅಂತ ಅರ್ಥ. ಹೆಸರಿಟ್ಟವರಿಗೆ ಬಹುಶಃ ಅದು ಕಚ್ಚಿರಲಿಲ್ಲ.

ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆ ಬೆಳೆಸಲು ಅದಕ್ಕೆ ರಕ್ತ ಬೇಕು. ಗಂಡು ಹೂವಿನ ಮಕರಂದದಲ್ಲೇ ತೃಪ್ತ. ಸೊಳ್ಳೆ ಕೂದಲೆಳೆಯಂಥ ಕೊಳವೆ ತೂರಿಸುತ್ತದೆ, ಎಷ್ಟೋ ಸಲ ನಮಗೆ ತಿಳಿಯುವುದೇ ಇಲ್ಲ. ಜಿಂಕೆ ನೊಣದ ಬಾಯಲ್ಲಿರುವುದು ಬ್ಲೇಡಿನಂಥ ಅಂಗಗಳು. ಚರ್ಮ ಕೊಯ್ದು, ಗಾಯದಲ್ಲಿ ನಿಂತ ರಕ್ತವನ್ನು ಹೀರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಜೊಲ್ಲನ್ನೂ ಬಿಡುತ್ತದೆ. ಆ ಉರಿ ಕೊಯ್ತದ್ದು, ಆಮೇಲಿನ ತುರಿಕೆ ಮತ್ತು ಊತ ಆ ಜೊಲ್ಲಿಗೆ ನಮ್ಮ ಮೈ ತೋರಿಸುವ ಸಿಟ್ಟು.

ಮನೆಗೆ ಬಂದ ಮೇಲೆ ನಾನು ಮಾಡಿದ ತಪ್ಪುಗಳನ್ನೂ ಹೇಳಬೇಕು. ಮೊದಲಿಗೆ ಬಿಸಿಬಿಸಿ ನೀರಿನಲ್ಲಿ ಸ್ನಾನ ಮಾಡಿದೆ. ಎರಡು ನಿಮಿಷ ಹಾಯಾಗಿತ್ತು, ಹೊರಗೆ ಬಂದ ಮೇಲೆ ತುರಿಕೆ ದುಪ್ಪಟ್ಟಾಯಿತು. ಆಮೇಲೆ ಯಾರೋ ಎಂದೋ ಹೇಳಿದ್ದು ನೆನಪಾಗಿ ಟೂತ್‌ಪೇಸ್ಟ್ ಹಚ್ಚಿದೆ. ಒಣಗಿ ಬಿಳಿ ಹಕ್ಕಳೆಯಾಯಿತು, ಅಷ್ಟೇ ಲಾಭ. ರಾತ್ರಿ ನಿದ್ದೆಗಣ್ಣಲ್ಲಿ ಕೆರೆದುಕೊಂಡಿದ್ದು ಎಲ್ಲಕ್ಕಿಂತ ದೊಡ್ಡ ತಪ್ಪು. ಉಗುರು ತಾಗಿದ ಗಾಯಕ್ಕೆ ಸೋಂಕು ಬೇಗ ಹತ್ತುತ್ತದೆ.

ಎರಡನೆಯ ದಿನ ಬೆಳಿಗ್ಗೆ ಕನ್ನಡಿ ನೋಡಿದರೆ ಕಿವಿ ಕೆಂಪಗೆ ಊದಿ ತಲೆಯಿಂದ ದೂರ ಸರಿದು ನಿಂತಿತ್ತು. ಕಚ್ಚಿದ ದಿನಕ್ಕಿಂತ ಜಾಸ್ತಿ! ಗಾಬರಿಯಾಗಿ ಡಾಕ್ಟರ ಹತ್ತಿರ ಓಡಿದೆ. ಅವರು ಕಿವಿ ನೋಡಿ, ಮುಟ್ಟಿ, "ಮೊದಲ ಒಂದೆರಡು ದಿನ ಊತ ಹೆಚ್ಚಾಗೋದು ಮಾಮೂಲಿ" ಅಂದರು. ಸೋಪು ನೀರಿನಲ್ಲಿ ತೊಳೆಯಬೇಕು. ತಣ್ಣನೆಯ ಬಟ್ಟೆ ಅಥವಾ ಬಟ್ಟೆಯಲ್ಲಿ ಸುತ್ತಿದ ಐಸನ್ನು 10 ನಿಮಿಷ ಇಟ್ಟು ತೆಗೆದು, ಬಿಡುವು ಕೊಟ್ಟು ಮತ್ತೆ ಇಡಬೇಕು. ತುರಿಕೆಗೆ ಸೆಟ್ರಿಜಿನ್‌ನಂಥ ಮಾತ್ರೆ, ಮೇಲೆ 1 ಪರ್ಸೆಂಟ್ ಹೈಡ್ರೋಕಾರ್ಟಿಸೋನ್ ಕ್ರೀಮು, ಅದೂ ಚರ್ಮ ಕಿತ್ತುಹೋದ ಜಾಗಕ್ಕೆ ಬೇಡ. ಅಷ್ಟೇ.

"ಹಾಗಾದ್ರೆ ಯಾವಾಗ ಹೆದರಬೇಕು?" ಅಂತ ಕೇಳಿದೆ. ಕೆಂಪು ದಿನೇದಿನೇ ಹರಡುತ್ತಾ ಹೋದರೆ, ಕೀವು ತುಂಬಿದರೆ, ಕೆಂಪು ಗೆರೆಗಳು ಮೂಡಿದರೆ, ಜ್ವರ ಬಂದರೆ ಮತ್ತೆ ಬಾ ಅಂದರು. ಕಚ್ಚಿದ ಸ್ವಲ್ಪ ಹೊತ್ತಿಗೇ ತುಟಿ, ನಾಲಿಗೆ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರು ಕಟ್ಟಿದರೆ ಅಥವಾ ತಲೆ ಸುತ್ತಿದರೆ ಮಾತ್ರ ಕ್ರೀಮು ಹುಡುಕುತ್ತಾ ಕೂರಬಾರದು, ನೇರ ತುರ್ತು ಚಿಕಿತ್ಸೆಗೇ ಹೋಗಬೇಕು. ಅಂಥ ಅಲರ್ಜಿ ಅಪರೂಪ, ಆದರೆ ಜೀವಕ್ಕೇ ಅಪಾಯ.

ಅಂದು ರಾತ್ರಿ ರೋಗಗಳ ಬಗ್ಗೆ ಓದುತ್ತಾ ಕೂತೆ, ಸುಮ್ನೆ ಮಲಗಬಹುದಿತ್ತು. ಮಧ್ಯ ಮತ್ತು ಪಶ್ಚಿಮ ಆಫ್ರಿಕಾದಲ್ಲಿ ಇದೇ ಕುಲದ ಕೆಲವು ನೊಣಗಳು ಲೋವಾ ಲೋವಾ ಎಂಬ ಹುಳುವನ್ನು ಹರಡುತ್ತವೆ, ಆ ಹುಳು ಕೆಲವೊಮ್ಮೆ ಕಣ್ಣಿನ ಬಿಳಿ ಭಾಗದಲ್ಲಿ ಹರಿದಾಡುವುದು ಕಾಣುತ್ತದಂತೆ. ಅಮೆರಿಕದ ಪಶ್ಚಿಮ ಭಾಗದಲ್ಲಿ ಟುಲರೀಮಿಯಾ ಎಂಬ ಜ್ವರಕ್ಕೂ ಜಿಂಕೆ ನೊಣಕ್ಕೂ ನಂಟಿದೆ. ಅಲ್ಲಿನ ಯೂಟಾ ರಾಜ್ಯದಲ್ಲಿ ಒಂದು ಕಾಲಕ್ಕೆ ಅದನ್ನು ಜಿಂಕೆ ನೊಣದ ಜ್ವರ ಅಂತಲೇ ಕರೆಯುತ್ತಿದ್ದರು. ಇದನ್ನೆಲ್ಲ ಓದಿದ ಮೇಲೆ ಅರ್ಧ ಗಂಟೆ ಕನ್ನಡಿ ಮುಂದೆ ನಿಂತು ಕಣ್ಣಿನ ಬಿಳಿ ನೋಡಿಕೊಂಡೆ. ನಾನಿರುವುದು ಆಫ್ರಿಕಾದಲ್ಲೂ ಅಲ್ಲ, ಯೂಟಾದಲ್ಲೂ ಅಲ್ಲ ಅನ್ನುವುದು ನೆನಪಾದ ಮೇಲೆ ದೀಪ ಆರಿಸಿದೆ.

ನಾಲ್ಕೈದು ದಿನಕ್ಕೆ ಕಿವಿ ತನ್ನ ಜಾಗಕ್ಕೆ ಮರಳಿತು.

ಎರಡು ವಾರದ ಮೇಲೆ ಅಕ್ಕ ಮತ್ತೆ ಅದೇ ದಾರಿಗೆ ಕರೆದಳು. ಈ ಸಲ ನಾನು ತಯಾರಾಗಿಯೇ ಹೋದೆ. ತಿಳಿಬಣ್ಣದ ತುಂಬುತೋಳಿನ ಅಂಗಿ, ಕತ್ತಿಗೆ ಬಿಳಿ ಬಟ್ಟೆ. ಅದರ ಜೊತೆಗೆ ಒಂದು ಉಪಾಯವನ್ನೂ ಓದಿಕೊಂಡಿದ್ದೆ. ಫ್ಲೋರಿಡಾ ವಿಶ್ವವಿದ್ಯಾಲಯದವರು ನೀಲಿ ಬಣ್ಣದ ಕುಂಡಕ್ಕೆ ಅಂಟು ಬಳಿದು, ಅದನ್ನು ನಿಧಾನವಾಗಿ ಓಡುವ ಗಾಡಿಯ ಮೇಲೆ ಕಟ್ಟಿ ಈ ನೊಣಗಳನ್ನು ಹಿಡಿದಿದ್ದಾರೆ. ನೀಲಿ ಬಣ್ಣ, ಚಲನೆ ಎರಡೂ ಸೇರಿದರೆ ಅವು ತಾವಾಗಿಯೇ ಬಂದು ಅಂಟಿಕೊಳ್ಳುತ್ತವೆ. ಗಾಡಿಯ ಜಾಗದಲ್ಲಿ ನನ್ನ ತಲೆ ಇಟ್ಟುಕೊಂಡೆ. ಹಳೆಯ ನೀಲಿ ಟೋಪಿಯ ಹಿಂಭಾಗಕ್ಕೆ ಎರಡೂ ಬದಿ ಅಂಟುವ ಟೇಪನ್ನು ಎರಡು ಸಾಲು ಹಚ್ಚಿದೆ.

ಈ ಸಲ ನಗುವ ಸರದಿ ಅಕ್ಕನದು. "ಇದೇನೇ ವೇಷ? ತಲೆಗೆ ಯಾರಾದ್ರೂ ಟೇಪ್ ಸುತ್ಕೋತಾರಾ?"

ನಾನು ಓಡಲಿಲ್ಲ, ಕೈ ಬೀಸಲಿಲ್ಲ. ಗುಂಯ್ ಅನ್ನುವುದು ಕೇಳಿದಾಗಲೆಲ್ಲ ಹಲ್ಲು ಕಚ್ಚಿಕೊಂಡು ನಡೆದೆ. ಶಬ್ದ ಟೋಪಿಯ ಹಿಂದೆ ಬಂದು ಟಪ್ ಅಂತ ನಿಲ್ಲುತ್ತಿತ್ತು. ಆ ಟಪ್ ಕೇಳುವ ಸುಖವೇ ಬೇರೆ, ಹೇಳಿದರೆ ಕ್ರೂರಿ ಅಂದುಕೊಳ್ಳುತ್ತೀರಿ.

ದಿಬ್ಬ ಹತ್ತಿ ಗಾಳಿಯಾಡುವ ಜಾಗ ತಲುಪಿದ ಮೇಲೆ ಟೋಪಿ ತೆಗೆದು ಎಣಿಸಿದೆವು. ಒಂಬತ್ತು. ಒಂದು ಇನ್ನೂ ಕಾಲು ಆಡಿಸುತ್ತಿತ್ತು. ಅಕ್ಕ ಬಗ್ಗಿ ಅದರ ಹಸಿರು ಕಣ್ಣನ್ನೇ ನೋಡುತ್ತಿದ್ದವಳು ತಟ್ಟನೆ ಮೊಣಕೈ ಹಿಡಿದುಕೊಂಡು "ಅಯ್ಯೋ!" ಅಂತ ನೆಟ್ಟಗಾದಳು. ದಿಬ್ಬ ಹತ್ತುವಾಗ ಸೆಕೆ ಅಂತ ತೋಳು ಮಡಚಿದ್ದಳು.

ನಾನು ಚೀಲದಿಂದ ಸೋಪು, ನೀರಿನ ಬಾಟಲಿ ತೆಗೆದೆ. ಅಕ್ಕ ಗಾಯ ತೊಳೆದುಕೊಳ್ಳುತ್ತಾ ನನ್ನ ಮುಖ ನೋಡದೆ ಕೇಳಿದಳು, "ಆ ಟೇಪು ಇನ್ನೂ ಸ್ವಲ್ಪ ಮಿಕ್ಕಿದೆಯೇನೇ?"