ಗ್ರಾಮಸಭೆಯ 1.8 ಸೆಕೆಂಡ್

ಗ್ರಾಮಸಭೆಯ ರೆಕಾರ್ಡಿಂಗ್ ಕೇಳಿ ಬರೆದಿಳಿಸಿದ್ದು ಎಂದು ವಿದ್ಯಾರ್ಥಿಯ ಸ್ಲೈಡ್‌ನಲ್ಲಿ ಇದ್ದದ್ದು:

ಪಿಡಿಒ: ಪಟ್ಟಿಗೆ ಯಾರದಾದರೂ ಆಕ್ಷೇಪಣೆ ಇದೆಯೇ? ಒಪ್ಪಿಗೆ ಎಂದು ಬರೆದುಕೊಳ್ಳಿ.

ಕೆಳಗೆ ದಪ್ಪಕ್ಷರದಲ್ಲಿ "ಸಭೆ ಅವಿರೋಧವಾಗಿ ಒಪ್ಪಿತು". ಪಿಎಚ್‌ಡಿ ಪ್ರಗತಿ ಪರಿಶೀಲನೆಗೆ ಹೊರಗಿನಿಂದ ಬಂದಿದ್ದ ಮೇಡಂ "ಆಡಿಯೊ ಹಾಕಿ ನೋಡೋಣ" ಅಂದರು. ಕೇಳಿಸಿದ್ದು:

ಪಿಡಿಒ: ಯಾರ್ದಾದ್ರೂ ಆಕ್ಷೇಪಣೆ ಐತಾ?
(1.8)
ಮಹಿಳೆ: ಅಲ್ಲ ಸಾರ್ [ನಮ್ದು
ಪಿಡಿಒ: [ಒಪ್ಗೆ ಅಂತ ಬರ್ಕೊಳ್ರಿ.

(1.8) ಅಂದರೆ ಅಷ್ಟು ಸೆಕೆಂಡಿನ ಮೌನ, [ ಅಂದರೆ ಇಬ್ಬರ ಮಾತು ಒಂದರ ಮೇಲೊಂದು ಬಿದ್ದ ಜಾಗ. ಮೇಡಂ ಮೂರು ಸಲ ಹಾಕಿಸಿದರು. ಮೂರನೇ ಸಲಕ್ಕೆ ಹುಡುಗ ನನ್ನ ಮುಖ ನೋಡಿದ. ಅವನ ಮಾರ್ಗದರ್ಶಕ ನಾನೇ, ಆಡಿಯೊ ಕೇಳಿ ಟೈಪ್ ಮಾಡುವವರಿಗೆ "ಕನ್ನಡ ಶುದ್ಧವಾಗಿರಲಿ" ಎಂದು ಹೇಳಿದವನೂ ನಾನೇ. ಪುಟಕ್ಕಿಷ್ಟು ಅಂತ ದುಡ್ಡು ಕೊಟ್ಟರೆ ಮೌನವನ್ನು ಯಾರು ಬರೆಯುತ್ತಾರೆ?

ಜನ ಆಡಿದ ಮಾತನ್ನು ಆಡಿದ ಹಾಗೇ ಇಟ್ಟು ಅಭ್ಯಸಿಸುವ ಸಂಕಥನ ವಿಶ್ಲೇಷಣೆಯಲ್ಲಿ ಅಂಥ ಶುದ್ಧಿ ದತ್ತಾಂಶವನ್ನೇ ಕೊಲ್ಲುತ್ತದೆ. ಉಳಿದ ಪುಟ ತೆಗೆದರೆ ಇನ್ನೂ ಇತ್ತು. "ದುಡ್ಡು ಬಂದೈತಂತೆ" ಎಂದದ್ದು "ಹಣ ಬಂದಿದೆ" ಆಗಿತ್ತು. ಆ "ಅಂತೆ" ಹೋದ ಕೂಡಲೇ ಊರಿನ ಗಾಳಿಮಾತು ಹೇಳಿದವನ ಖಚಿತ ಹೇಳಿಕೆಯಾಗಿಬಿಟ್ಟಿತ್ತು. "ಹೂಂ"ಗಳೆಲ್ಲ ಮಾಯ. ಸ್ವಯಂಚಾಲಿತ ತಂತ್ರಾಂಶಕ್ಕೆ ಕೊಟ್ಟರೂ ಇದೇ ಪಾಡು: ತಡವರಿಕೆ, ಅರ್ಧಕ್ಕೆ ನಿಂತ ಪದಗಳನ್ನು ನುಂಗಿ ನುಣ್ಣಗೆ ಮಾಡಿಕೊಡುತ್ತದೆ.

ಹಾಗಂತ ಎಲ್ಲವನ್ನೂ ಗೇಲ್ ಜೆಫರ್ಸನ್ ಪದ್ಧತಿಯಲ್ಲಿ, ಅಂದರೆ ಮೌನ, ತಡವರಿಕೆ, ಮೇಲೆಬಿದ್ದ ಮಾತು ಎಲ್ಲಕ್ಕೂ ಗುರುತು ಹಾಕುತ್ತಾ, ಬರೆಯಲು ಹೊರಡಬೇಡಿ. ನಿಮಿಷದ ಆಡಿಯೊಗೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ನಮ್ಮಲ್ಲಿದ್ದದ್ದು 14 ಗಂಟೆ, ಅಂದರೆ 840 ಗಂಟೆಯ ಕೆಲಸ. ಸಂಶೋಧಕರಿಗೆ ಸಿಗುವ ಜೆಆರ್‌ಎಫ್ ಫೆಲೋಶಿಪ್‌ನ ತಿಂಗಳಿಗೆ 37,000 ರೂಪಾಯಿ ಮೊದಲ 2 ವರ್ಷವಷ್ಟೇ, ಅದರಲ್ಲಿ ಐದು ತಿಂಗಳು ಇದಕ್ಕೇ ಮುಗಿಯುತ್ತದೆ. ಪ್ರಾಜೆಕ್ಟ್ ಬಜೆಟ್‌ನಲ್ಲಿ ಲಿಪ್ಯಂತರಕ್ಕೆ (ಆಡಿಯೊ ಬರೆದಿಳಿಸಲು) ಅಂತ ಬರೆದರೆ ಹಣಕಾಸು ವಿಭಾಗ ಮೊದಲು ಹೊಡೆಯುವುದೂ ಆ ಸಾಲನ್ನೇ.

ಮೊದಲು ಇಡೀ ಸಭೆಯನ್ನು ಆಡಿದ ಹಾಗೇ, ಒರಟಾಗಿ ಬರೆದುಕೊಳ್ಳಿ. "ಆಕ್ಷೇಪಣೆ", "ಒಪ್ಗೆ", "ಮುಂದಿನ ವಿಷ್ಯ" ಬರುವ ಕಡೆಗಳನ್ನು ಗುರುತು ಹಾಕಿ, ಅಷ್ಟನ್ನೇ ಈಲ್ಯಾನ್ ಎಂಬ ತಂತ್ರಾಂಶದಲ್ಲಿ ಮಾತಾಡುವವರಿಗೊಂದು ಟಿಯರ್ (ಸಾಲು) ಮಾಡಿ ಸೂಕ್ಷ್ಮವಾಗಿ ಬಿಡಿಸಿ. ಮೌನವನ್ನು ಅಂದಾಜಿನಲ್ಲಿ ಬರೆಯಬೇಡಿ, ಧ್ವನಿ ಅಳೆಯುವ ತಂತ್ರಾಂಶ ಪ್ರಾಟ್‌ನಲ್ಲಿ ಅಳೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ ಫೈಲ್ ಬೇಡ, ಮೂಲ ವೇವ್ ಫೈಲ್ ಇಟ್ಟುಕೊಳ್ಳಿ.

ವಿಷಯ ಸಿಗುತ್ತಿಲ್ಲ ಅನ್ನುವವರಿಗೆ ಇಲ್ಲೇ ಇದೆ: ಕೇಳಿದ ಮೇಲೆ ಎಷ್ಟು ಹೊತ್ತು ಕಾದು "ಒಪ್ಪಿಗೆ" ಅನ್ನುತ್ತಾರೆ, ಆ ಸಂದಿಯಲ್ಲಿ ಬಾಯಿ ತೆರೆದವರು ಯಾರು, ನಡಾವಳಿ ಪುಸ್ತಕದಲ್ಲಿ ಏನು ಉಳಿಯುತ್ತದೆ. ಹುಡುಗನ ಪ್ರಬಂಧ ಈಗ ಇದರ ಮೇಲೆಯೇ.

"ನಮ್ದು" ಆದಮೇಲೆ ಆಕೆ ಏನಂದಳೋ, ವೇದಿಕೆಯ ಮೇಜಿನ ಮೇಲಿಟ್ಟಿದ್ದ ಫೋನಿಗೆ ಸಿಕ್ಕಿಲ್ಲ. ಈಗ ಎರಡನೇ ರೆಕಾರ್ಡರ್ ಹೆಂಗಸರು ಕೂರುವ ಹಿಂದಿನ ಜಮಖಾನದ ಹತ್ತಿರ ಇಡುತ್ತೇವೆ, ಅವರನ್ನು ಕೇಳಿಯೇ.