ಕಾವೇರಿಯ ಆ ದಂಡೆ, ಈ ದಂಡೆ: ಕೊಡಗಿನಲ್ಲಿ ಕಾಲ್ಚೆಂಡಿನ ಜಿದ್ದು

ಕೊಡಗು ಅಂದ ಕೂಡಲೇ ಆಟದ ಮಾತಿಗೆ ಬರುವುದು ಹಾಕಿ. ಅದು ನ್ಯಾಯವೇ. ಬಿ.ಪಿ. ಗೋವಿಂದ, ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಸೋಮವಾರಪೇಟೆಯ ಎಸ್.ವಿ. ಸುನಿಲ್, ಹೀಗೆ ಭಾರತಕ್ಕೆ ಆಡಿದವರ ಹೆಸರು ಹೇಳುತ್ತಾ ಹೋದರೆ ಇಲ್ಲೇ ಒಂದು ತಂಡ ಕಟ್ಟಬಹುದು. ಆದರೆ ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ಸುಂಟಿಕೊಪ್ಪ, ನೆಲ್ಯಹುದಿಕೇರಿ, ಸಿದ್ದಾಪುರ, ಅಮ್ಮತ್ತಿ ಕಡೆ ಒಂದು ಸುತ್ತು ಹಾಕಿ ನೋಡಿ. ಅಲ್ಲಿ ಜನ ಮಾತಾಡುವುದೇ ಬೇರೆ ಆಟ, ಕಾಲ್ಚೆಂಡು. ನಾನು ಈ ಸಲ ಹೋದದ್ದು ಅದಕ್ಕೇ. ಪ್ರವಾಸಿಗರು ಹೋಗುವ ಅಬ್ಬಿ, ರಾಜಾಸೀಟು, ದುಬಾರೆ ಯಾವುದೂ ಪಟ್ಟಿಯಲ್ಲಿ ಇರಲಿಲ್ಲ.

ಮೈಸೂರಿನಿಂದ ಬಸ್ಸು. ಹುಣಸೂರು, ಪಿರಿಯಾಪಟ್ಟಣ ದಾಟಿದ ಮೇಲೆ ಬೈಲಕುಪ್ಪೆ ಬರುತ್ತದೆ. ಎಲ್ಲರೂ ಅಲ್ಲಿ ಚಿನ್ನದ ಬಣ್ಣದ ದೇವಸ್ಥಾನ ನೋಡಲು ಇಳಿಯುತ್ತಾರೆ. ಅಲ್ಲಿನ ಟಿಬೆಟಿಯನ್ ಹುಡುಗರಿಗೂ ಫುಟ್‌ಬಾಲ್ ಅಂದರೆ ಪ್ರಾಣ. ದಲಾಯಿ ಲಾಮಾ ಅವರ ತಾಯಿಯ ನೆನಪಿನಲ್ಲಿ 1981ರಲ್ಲಿ ಶುರುವಾದ ಗ್ಯಾಲ್ಯುಮ್ ಚೆನ್ಮೋ ಗೋಲ್ಡ್ ಕಪ್ ಅಂತ ಒಂದು ಪಂದ್ಯಾವಳಿ ಇದೆ. ಟಿಬೆಟಿಯನ್ ವಸತಿಗಳೇ ಒಂದರ ಮೇಲೊಂದು ಬಿದ್ದು ಆಡುತ್ತವೆ. ನದಿ ದಾಟಿದರೆ ಕುಶಾಲನಗರ, ಅಲ್ಲಿಂದ ಮಡಿಕೇರಿ ರಸ್ತೆಯಲ್ಲಿ ಸುಂಟಿಕೊಪ್ಪ. ನನ್ನ ಗೆಳೆಯನ ಊರು.

ಸುಂಟಿಕೊಪ್ಪದಲ್ಲಿ ಮೊದಲು ನೋಡಿದ್ದು ಶಾಲಾ ಮೈದಾನ. ಬ್ಲೂ ಬಾಯ್ಸ್ ಯುವಕ ಸಂಘದವರು ಡಿ. ಶಿವಪ್ಪ ಸ್ಮಾರಕ ಗೋಲ್ಡ್ ಕಪ್ ನಡೆಸುವುದು ಇಲ್ಲೇ. ಕೇರಳ, ತಮಿಳುನಾಡಿನಿಂದಲೂ ತಂಡಗಳು ಬರುತ್ತವೆ. ಪಂದ್ಯ ಇಲ್ಲದ ದಿನ ನೋಡಿದರೆ ಸುಮ್ನೆ ಒಂದು ಶಾಲೆಯ ಬಯಲು ಅಷ್ಟೇ, ಮೂಲೆಯಲ್ಲಿ ಮಕ್ಕಳು ಚಪ್ಪಲಿ ಇಟ್ಟು ಗೋಲು ಮಾಡಿಕೊಂಡು ಆಡುತ್ತಿದ್ದರು. ಗೆಳೆಯನ ಮಾವ ನನ್ನನ್ನು ಮೈದಾನದ ಸುತ್ತ ನಡೆಸಿದರು. ಒಂದು ಜಾಗದಲ್ಲಿ ನಿಂತು, "ಇಲ್ಲಿಂದ ಫ್ರೀ ಕಿಕ್. ಗೋಡೆ ಮೇಲಿಂದ ಹೋಗಿ ಮೂಲೆಗೆ ಬಿತ್ತು. ಇವತ್ತಿಗೂ ಆ ಊರಿನವರು ಅದು ಗೋಲಲ್ಲ ಅಂತಾರೆ" ಅಂದರು. ಯಾವ ಊರು ಮಾವ ಅಂತ ಕೇಳಿದೆ. ಹೆಸರು ಹೇಳಲಿಲ್ಲ. ಗುಡ್ಡದ ಆಚೆಗೆ ಕೈ ತೋರಿಸಿದರು.

ಈ ಜಿದ್ದು ನನಗೆ ಯಾಕೆ ಇಷ್ಟ ಅಂತ ಹೇಳಬೇಕು. ಕೊಡವರ ಹಾಕಿ ಉತ್ಸವ ಗೊತ್ತಲ್ವಾ, 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದ್ದು. ಮೊದಲ ವರ್ಷ 60 ಕುಟುಂಬಗಳ ತಂಡ ಇದ್ದವು, 2024ರಲ್ಲಿ ನಾಪೋಕ್ಲುವಿನಲ್ಲಿ 360. ಗಿನ್ನೆಸ್ ದಾಖಲೆಯಾಯಿತು. ಅಲ್ಲಿ ತಂಡ ಅಂದರೆ ಒಕ್ಕ, ಮನೆತನ. ಅಜ್ಜನೂ ಮೊಮ್ಮಗಳೂ ಒಂದೇ ಜೆರ್ಸಿಯಲ್ಲಿ ಆಡುವುದನ್ನು ನೋಡಿದರೆ ಕಣ್ಣು ತುಂಬುತ್ತದೆ. ಅರೆಭಾಷೆ ಗೌಡರಲ್ಲೂ ಕುಟುಂಬಗಳ ನಡುವೆ ಕ್ರಿಕೆಟ್ ಇದೆ. ಕಾಲ್ಚೆಂಡಿನಲ್ಲಿ ತಂಡ ಅಂದರೆ ಊರು. ತೋಟದ ಲೈನ್ ಮನೆಯ (ಕಾರ್ಮಿಕರ ಸಾಲು ಮನೆ) ತಮಿಳು ಹುಡುಗ, ಮಾಪಿಳ್ಳೆ ಅಂಗಡಿಯವನ ಮಗ, ಗೌಡರ ಹುಡುಗ, ಕೊಡವರ ಹುಡುಗ, ಆಟೋ ಓಡಿಸುವವನು, ಕಾಲೇಜು ಬಿಟ್ಟವನು, ಎಲ್ಲರೂ ಒಂದೇ ಬಣ್ಣದ ಅಂಗಿ ಹಾಕಿಕೊಂಡು ಪಕ್ಕದ ಊರಿನ ಇಂಥದ್ದೇ ಹನ್ನೊಂದು ಜನರ ಮೇಲೆ ಬೀಳುತ್ತಾರೆ. ಮೈದಾನದಲ್ಲಿ ಮಲಯಾಳಂ, ತಮಿಳು, ತುಳು, ಕನ್ನಡ, ಕೊಡವ ತಕ್ಕ್ ಎಲ್ಲದರಲ್ಲೂ ಬೈಗುಳ ಕೇಳುತ್ತದೆ. ಆದರೆ ಬೈಯುವುದು ಊರಿಗೆ. ಜಾತಿ ಮತ ಹಿಡಿದು ಬೈದದ್ದು ನನ್ನ ಕಿವಿಗೆ ಬೀಳಲಿಲ್ಲ. ಈಗಿನ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ.

ಸುಂಟಿಕೊಪ್ಪದಿಂದ ಚೆಟ್ಟಳ್ಳಿ ಮೇಲೆ ನೆಲ್ಯಹುದಿಕೇರಿಗೆ ಹೋದೆವು. ದಾರಿಯುದ್ದಕ್ಕೂ ಕಾಫಿ ತೋಟ, ಹೂವಿನ ಕಾಲ ಮುಗಿದು ಗಿಡದಲ್ಲಿ ಹಸಿರು ಮಿಡಿ ಕಟ್ಟಿತ್ತು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ದಾಟಿದ ಮೇಲೆ ಒಂದು ಬಸ್ ತಂಗುದಾಣದ ಗೋಡೆಗೆ ಬಳಿದ ಅರ್ಜೆಂಟೀನಾದ ನೀಲಿ ಬಿಳಿ ಬಣ್ಣ ಮಾಸುತ್ತಾ ಬಂದಿತ್ತು, 2022ರ ವಿಶ್ವಕಪ್ಪಿನದ್ದು. ಎದುರಿನ ಮರಕ್ಕೆ ಬ್ರೆಜಿಲ್ ಹಳದಿ. ಬಳಿದವರು ಅಣ್ಣ ತಮ್ಮ ಅಂತ ಗೆಳೆಯ ಹೇಳಿದ.

ನೆಲ್ಯಹುದಿಕೇರಿಗೂ ಸಿದ್ದಾಪುರಕ್ಕೂ ನಡುವೆ ಇರುವುದು ಕಾವೇರಿ ಮತ್ತು ಒಂದು ಸೇತುವೆ. ತಾಲ್ಲೂಕು ಬೇರೆ ಬೇರೆ, ಪಂಚಾಯಿತಿ ಬೇರೆ ಬೇರೆ. ಇಬ್ಬರೂ ಮೀನು ತರುವುದು ಒಂದೇ ಮಾರ್ಕೆಟ್ಟಿನಿಂದ, ಮದುವೆಗೆ ಹೆಣ್ಣು ಕೊಟ್ಟು ತರುವುದೂ ಆಚೀಚೆಗೇ. ಚೆಂಡು ಇಟ್ಟರೆ ಮಾತ್ರ ಮುಗಿಯಿತು. ನಾವು ಹೋದ ಭಾನುವಾರ ಒಂದು ತೋಟದ ಪಕ್ಕದ ಮೈದಾನದಲ್ಲಿ ಸಣ್ಣ ಪಂದ್ಯಾವಳಿ ಇತ್ತು. ಏಳು ಜನರ ಆಟ, 20 ನಿಮಿಷದ ಎರಡು ಅವಧಿ. ಸೆಮಿಫೈನಲ್‌ನಲ್ಲಿ ಎರಡೂ ದಂಡೆಯ ತಂಡಗಳೇ ಎದುರಾದವು. ಕ್ಲಬ್ಬುಗಳ ಹೆಸರು ಬರೆಯುವುದಿಲ್ಲ, ಎರಡೂ ಕಡೆಯವರು ಚಹಾ ಕುಡಿಸಿದ್ದಾರೆ. ರೆಫ್ರಿಯನ್ನು ಮಡಿಕೇರಿಯಿಂದ ಕರೆಸಿದ್ದರು. ಹತ್ತಿರದವರನ್ನು ಹಾಕಿದರೆ ಪಂದ್ಯವೇ ನಡೆಯುವುದಿಲ್ಲವಂತೆ.

ಮೂರು ಗಂಟೆಗೆ ಶುರುವಾಗಬೇಕಿದ್ದ ಆಟ ಶುರುವಾದಾಗ ನಾಲ್ಕೂವರೆ. ಜನ ತೋಟದ ಬೇಲಿಯ ಮೇಲೆ, ಪಿಕಪ್ ಜೀಪುಗಳ ಮೇಲೆ, ಸಿಲ್ವರ್ ಓಕ್ ಮರದ ಬುಡದಲ್ಲಿ. ಹೆಂಗಸರು ಜಾಸ್ತಿ ಇದ್ದದ್ದು ಕಂಡು ಖುಷಿಯಾಯಿತು. ಭಾನುವಾರ ತೋಟಕ್ಕೆ ರಜೆ, ಮಗ ಆಡುತ್ತಾನೆ ಅಂತ ಲೈನ್ ಮನೆಗಳಿಂದ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ನನ್ನ ಪಕ್ಕದಲ್ಲಿ ಚಹಾ ಅಂಗಡಿಯ ಕಾಕ ಒಬ್ಬರು. ಅಂಗಡಿಯನ್ನು ಹುಡುಗನ ಕೈಗೆ ಕೊಟ್ಟು ಬಂದಿದ್ದರು. ಸಿದ್ದಾಪುರದ ಕಡೆಯವರು ಮೊದಲು ಗೋಲು ಹಾಕಿದರು, ಕಾರ್ನರ್‌ನಿಂದ ಬಂದ ಚೆಂಡಿಗೆ ತಲೆ ಕೊಟ್ಟು. ಎರಡನೇ ಅವಧಿಯಲ್ಲಿ ಆಚೆಯವರ ಎಡಗಾಲಿನ ಹುಡುಗನೊಬ್ಬ ಮೂವರನ್ನು ದಾಟಿಸಿಕೊಂಡು ಹೋಗಿ ಗೋಲ್‌ಕೀಪರ್‌ನ ಕಾಲಿನ ಸಂದಿಯಲ್ಲಿ ಚೆಂಡು ತೂರಿಸಿದ. ಅಲ್ಲಿಂದ ಮುಂದಿನ ಹತ್ತು ನಿಮಿಷ ನಾನು ಕೂರಲೇ ಇಲ್ಲ.

ಆದರೆ ನಾನು ನೋಡುತ್ತಿದ್ದದ್ದು ಇನ್ನೊಬ್ಬನನ್ನು. ನೆಲ್ಯಹುದಿಕೇರಿ ತಂಡದ ಬ್ಯಾಕ್. ಅವನ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಸಿದ್ದಾಪುರದ ಕಡೆಯಿಂದ ಒಂದು ಗುಂಪು ಜೋರಾಗಿ ಕೂಗುತ್ತಿತ್ತು: "ಅನ್ನ ಇಲ್ಲಿ, ಆಟ ಅಲ್ಲಿ!" ಏನಿದು ಅಂತ ಕಾಕನನ್ನು ಕೇಳಿದೆ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಹರಿದಾಗ ನೆಲ್ಯಹುದಿಕೇರಿಯ ಕುಂಬಾರಗುಂಡಿ, ಬೆಟ್ಟದಕಾಡು, ಸಿದ್ದಾಪುರದ ಕರಡಿಗೋಡು, ಗುಹ್ಯ, ಎಲ್ಲಾ ಕಡೆ ಹೊಳೆದಂಡೆಯ ಮನೆಗಳು ಹೋದವು. ಈ ಹುಡುಗನ ಮನೆಯೂ ಹೋಯಿತು. ಕೆಲವು ತಿಂಗಳು ನೆಂಟರ ಮನೆ, ಆಮೇಲೆ ಸಿದ್ದಾಪುರದ ಕಡೆ ಬಾಡಿಗೆ ಮನೆ. ಅಲ್ಲಿನ ಕ್ಲಬ್ಬಿನವರು ನಮ್ಮ ಕಡೆ ಬಾ ಅಂತ ಕರೆದರಂತೆ, ಬೂಟು ಕೊಡಿಸುತ್ತೇವೆ ಅಂದರಂತೆ. ಅವನು ಹೋಗಲಿಲ್ಲ. ಪ್ರಾಕ್ಟೀಸಿಗೆ ಈಗಲೂ ಸೇತುವೆ ದಾಟಿ ಬರುತ್ತಾನೆ. "ಮನೆ ಹೋಯ್ತು, ತಂಡ ಆದ್ರೂ ಇರ್ಲಿ ಅಂತಾನೆ" ಅಂದರು ಕಾಕ. ಅವರು ಸಿದ್ದಾಪುರದವರು. ಅವನ ವಿರುದ್ಧ ಅವರೂ ಕೂಗಿದರು, ಆಮೇಲೆ ಹಾಫ್ ಟೈಮಿನಲ್ಲಿ ಅವನನ್ನು ಕರೆದು ನೀರಿನ ಬಾಟಲಿ ಕೊಟ್ಟರು.

ಪಂದ್ಯ 1-1ರಲ್ಲಿ ನಿಂತು ಟೈಬ್ರೇಕರ್‌ಗೆ ಹೋಯಿತು. ಅಷ್ಟರಲ್ಲಿ ಮೈಕಿನಲ್ಲಿ ಘೋಷಣೆ: ಮೇಲಿನ ತೋಟದ ಕಡೆ ಹೋಗುವವರು ನಡೆದು ಹೋಗಬೇಡಿ, ಜೀಪಿನಲ್ಲೇ ಹೋಗಿ. ಆನೆ. ಸಿದ್ದಾಪುರದ ಸುತ್ತಮುತ್ತ ಕತ್ತಲಾದ ಮೇಲೆ ಕಾಫಿ ತೋಟದಲ್ಲಿ ಕಾಡಾನೆ ಇರುವುದು ದಿನದ ಮಾತು, ಜನ ಸತ್ತಿದ್ದಾರೆ. ಇಲ್ಲಿ ಪ್ರಾಕ್ಟೀಸು, ಪಂದ್ಯ ಎಲ್ಲವೂ ಬೆಳಕಿರುವಾಗಲೇ ಮುಗಿಯಬೇಕು. ಆದರೂ ಅವತ್ತು ಯಾರೂ ಕದಲಲಿಲ್ಲ. ಸಿದ್ದಾಪುರದವರು ಗೆದ್ದರು, ಆಚೆಯವರ ಒಂದು ಕಿಕ್ ಕಂಬಕ್ಕೆ ಬಡಿದು ಹೊರಗೆ ಹೋಯಿತು.

ಒಂದು ವಿಷಯ ಮಾತ್ರ ನನಗೆ ಸರಿ ಕಾಣಲಿಲ್ಲ. ಹೊರಗಿನ ಆಟಗಾರರು. ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ, ಕಣ್ಣೂರು. ಮಲಬಾರಿನ ಸೆವೆನ್ಸ್, ಅಂದರೆ ಏಳು ಜನರ ಆಟದ ಗಾಳಿ ಕೊಡಗಿಗೆ ಬರುವುದು ಸಹಜ. ಅಲ್ಲಿ ದುಡ್ಡು ಕೊಟ್ಟು ಆಫ್ರಿಕಾದಿಂದಲೂ ಆಟಗಾರರನ್ನು ಕರೆಸುತ್ತಾರೆ, ಸಾವಿರಾರು ಜನ ಟಿಕೆಟ್ ತೆಗೆದುಕೊಂಡು ನೋಡುತ್ತಾರೆ, ಅದರ ಲೆಕ್ಕವೇ ಬೇರೆ. ಆದರೆ ಇಲ್ಲಿ ಬಹುಮಾನದ ಮೊತ್ತ ಸ್ವಲ್ಪ ದೊಡ್ಡದಾದರೆ ಸಾಕು, ಊರಿನ ಹೆಸರಿನಲ್ಲಿ ಅರ್ಧ ತಂಡ ಬಾಡಿಗೆಗೆ ಬಂದಿರುತ್ತದೆ. ವರ್ಷವಿಡೀ ಕೆಸರಿನಲ್ಲಿ ಪ್ರಾಕ್ಟೀಸು ಮಾಡಿದ ಹುಡುಗ ಬೆಂಚಿನಲ್ಲಿ ಕೂತಿರುತ್ತಾನೆ. ಆ ಆಟದಲ್ಲಿ ಚಂದದ ಪಾಸು ಸಿಗಬಹುದು, ಆದರೆ ಅಮ್ಮಂದಿರು ಬೇಲಿ ಹತ್ತುವುದಿಲ್ಲ. ಅವತ್ತಿನ ಪಂದ್ಯಾವಳಿಯಲ್ಲಿ ಒಂದು ತಂಡಕ್ಕೆ ಇಬ್ಬರೇ ಅತಿಥಿ ಆಟಗಾರರು ಅನ್ನುವ ನಿಯಮ ಇತ್ತು. ಅದನ್ನು ಮಾಡಿದವರಿಗೆ ದೊಡ್ಡ ನಮಸ್ಕಾರ.

ರಾತ್ರಿ ಗೆಳೆಯನ ಮನೆಯಲ್ಲಿ ಅಕ್ಕಿ ರೊಟ್ಟಿ, ಕೋಳಿ ಸಾರು. ಮಾತು ಬೆಂಗಳೂರು ಎಫ್‌ಸಿ, ಕೇರಳ ಬ್ಲಾಸ್ಟರ್ಸ್ ಅನ್ನುವ ದೊಡ್ಡ ಕ್ಲಬ್ಬುಗಳ ಕಡೆ ತಿರುಗಿತು. ಒಂದೇ ಮನೆಯಲ್ಲಿ ಎರಡು ಪಕ್ಷ. 2023ರ ಮಾರ್ಚಿನಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿ ಎದುರಾಳಿಗಳು ಸಜ್ಜಾಗುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಹಾಕಿದ್ದಕ್ಕೆ ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ನಡೆದದ್ದು ಸರಿಯೋ ತಪ್ಪೋ ಅಂತ ಹನ್ನೊಂದು ಗಂಟೆಯವರೆಗೂ ಜಗಳ. ಆ ಪಂದ್ಯದ ಮರುದಿನವೇ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತ್ತು, ಅದರ ಮಾತನ್ನು ಯಾರೂ ಎತ್ತಲಿಲ್ಲ. ನಾನು ಎತ್ತಿದೆ. ರಾಜ್ಯದ ತಂಡ ಗೆದ್ದದ್ದು ನೆನಪಿರಬೇಕಾದರೆ ಸಣ್ಣ ಊರುಗಳ ಕ್ಲಬ್ಬುಗಳಿಂದ ಹುಡುಗರು ಅಲ್ಲಿಗೆ ಹೋಗಬೇಕು. ಹೋಗಬೇಕಾದರೆ ಮಳೆಗಾಲದಲ್ಲೂ ಆಡುವಂಥ ಒಂದು ಮೈದಾನ ಬೇಕು. ಹಾಕಿಗೆ ಮಡಿಕೇರಿಯಲ್ಲಿ, ಸೋಮವಾರಪೇಟೆಯಲ್ಲಿ ಟರ್ಫ್ ಹಾಕಿದ್ದಾರೆ, ಒಳ್ಳೆಯದೇ. ಈ ಕಡೆಯ ಕಾಲ್ಚೆಂಡಿಗೂ ಒಂದು ಕೊಡಲಿ.

ಹೋಗುವ ಮನಸ್ಸಿದ್ದರೆ ಏಪ್ರಿಲ್ ಕೊನೆಯಿಂದ ಮೇ ಮುಗಿಯುವುದರೊಳಗೆ ಹೋಗಿ, ಜೂನ್ ಮಳೆ ಹಿಡಿದರೆ ಮೈದಾನವೆಲ್ಲ ನೀರು. ತಾರೀಕು ಬೇಕಾದರೆ ಬಸ್‌ಸ್ಟ್ಯಾಂಡಿನ ಫ್ಲೆಕ್ಸ್ ನೋಡಿ, ಇಲ್ಲವಾದರೆ ಯಾವುದಾದರೂ ಚಹಾ ಅಂಗಡಿಯಲ್ಲಿ ಕೇಳಿ. ಪಂದ್ಯಕ್ಕೆ ಬೇಗ ಹೋಗಿ ಜಾಗ ಹಿಡಿಯಿರಿ. ಯಾವ ಊರಿನವರ ಮಧ್ಯೆ ಕೂತಿದ್ದೀರೋ ಆ ಊರಿಗೇ ಗಂಟಲು ಹರಿಯುವಂತೆ ಕೂಗಿ.