ಶಿಕಾಗೋದಲ್ಲಿ ಬರ್ಗರ್ ತಿನ್ನಬೇಕಾ? ಮೆಟ್ಟಿಲಿಳಿದು ಹೋಗಿ

ಶಿಕಾಗೋಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಮಿಷಿಗನ್ ಅವೆನ್ಯೂದಲ್ಲಿ ಹಸಿವಾಯಿತು ಅಂತ ಕಣ್ಣಿಗೆ ಬಿದ್ದ ಹೋಟೆಲಿಗೆ ನುಗ್ಗಬೇಡಿ. ನಾವು ಮೊದಲ ದಿನ ಹಾಗೇ ಮಾಡಿದೆವು. ಬರ್ಗರ್ ತಣ್ಣಗಿತ್ತು. ಬಿಲ್ಲಿನಲ್ಲಿ ತೆರಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಶೇಕಡ 20 ಸರ್ವಿಸ್ ಚಾರ್ಜ್ ಸೇರಿಸಿದ್ದರು. ಅದನ್ನು ನೋಡದೆ ನಾನು ಮತ್ತೆ ಟಿಪ್ಸ್ ಕೊಟ್ಟೆ. ಆಗಲೇ ಸೇರಿಸಿದ್ದೇವೆ ಅಂತ ಅಲ್ಲಿ ಒಬ್ಬರೂ ಹೇಳಲಿಲ್ಲ. ದುಡ್ಡು ಹೋಗಿದ್ದಕ್ಕಿಂತ ಅದೇ ಜಾಸ್ತಿ ಬೇಜಾರಾಯಿತು. ಕಾರ್ಡ್ ಕೊಡುವ ಮುಂಚೆ ಬಿಲ್ ಪೂರ್ತಿ ಓದಿ.

ಮಾರನೇ ದಿನ ಅದೇ ರಸ್ತೆಯಲ್ಲಿ ಬಿಲ್ಲಿ ಗೋಟ್ ಟ್ಯಾವರ್ನ್ ಅನ್ನುವ ಹಳೇ ಬರ್ಗರ್ ಹೋಟೆಲ್ ಹುಡುಕಿಕೊಂಡು ಹೋದೆವು. ಅಲ್ಲಿ ರಸ್ತೆಗೇ ಎರಡು ಅಂತಸ್ತು. ಮೇಲೆ ರಿಗ್ಲಿ ಬಿಲ್ಡಿಂಗ್, ಅಂಗಡಿಗಳು, ಜನಜಂಗುಳಿ. ಕೆಳಗೆ ಇನ್ನೊಂದು ರಸ್ತೆ, ಹಗಲಲ್ಲೂ ದೀಪ ಉರಿಯುತ್ತಿರುತ್ತದೆ. ಫೋನಿನ ಮ್ಯಾಪ್ ಬಂದು ಮುಟ್ಟಿದಿರಿ ಅನ್ನುತ್ತದೆ, ಎದುರಿಗೆ ಏನೂ ಕಾಣುವುದಿಲ್ಲ. ಗಾಬರಿ ಬೇಡ. ಅದು ನಿಮ್ಮ ಕಾಲಡಿಯಲ್ಲೇ ಇದೆ. ಮೆಟ್ಟಿಲು ಹುಡುಕಿ ಇಳಿಯಿರಿ.

ಗ್ರೀಸ್‌ನಿಂದ ಬಂದ ವಿಲಿಯಂ ಸಿಯಾನಿಸ್ 1934ರಲ್ಲಿ ಈ ಹೋಟೆಲ್ ಶುರು ಮಾಡಿದ್ದು. ಈ ಜಾಗಕ್ಕೆ ಬಂದದ್ದು 1964ರಲ್ಲಿ. ಸುತ್ತಮುತ್ತ ಪತ್ರಿಕಾ ಕಚೇರಿಗಳಿದ್ದವು, ಹೆಸರಾಂತ ಅಂಕಣಕಾರ ಮೈಕ್ ರಾಯ್ಕೊ ಇಲ್ಲಿನ ಖಾಯಂ ಗಿರಾಕಿಯಾಗಿದ್ದರು. ಗೋಡೆ ತುಂಬ ಹಳೇ ಪೇಪರ್ ಕಟಿಂಗು, ಫೋಟೋಗಳು. 1945ರಲ್ಲಿ ಸಿಯಾನಿಸ್ ತನ್ನ ಆಡನ್ನು ಶಿಕಾಗೋದ ಕಬ್ಸ್ ತಂಡದ ಬೇಸ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದ. ಆಡನ್ನು ಹೊರಗೆ ಹಾಕಿದರು, ಕಬ್ಸ್ ಇನ್ನು ಗೆಲ್ಲುವುದಿಲ್ಲ ಅಂತ ಆತ ಶಾಪ ಹಾಕಿದ ಅಂತ ಊರವರು ಹೇಳುತ್ತಾರೆ. ಕಬ್ಸ್ ಮತ್ತೆ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಬೇಸ್‌ಬಾಲ್ ಫೈನಲ್, ಗೆದ್ದದ್ದು 2016ರಲ್ಲೇ!

ಈಗ ಊಟದ ವಿಷಯ. ಡಬಲ್ ಚೀಸ್‌ಬರ್ಗರ್ ತಗೊಳ್ಳಿ. ಇಲ್ಲಿನ ಪ್ಯಾಟಿ ತೆಳ್ಳಗೆ, ಒಂದೇ ಆದರೆ ಬನ್ನಿನ ರುಚಿಯೇ ಮುಂದಾಗುತ್ತದೆ. ಎರಡಿದ್ದರೆ ಮಧ್ಯೆ ಕರಗಿದ ಚೀಸ್ ಅಂಚಿನಿಂದ ಇಳಿದು ಕಾಗದಕ್ಕೆ ಅಂಟುತ್ತದೆ. ನಾನು ಅದನ್ನೂ ಬೆರಳಲ್ಲಿ ಬಳಿದು ತಿಂದೆ. ಈರುಳ್ಳಿ, ಹುಳಿ ಹಾಕಿದ ಸೌತೆಕಾಯಿ ನಾವೇ ಹಾಕಿಕೊಳ್ಳಬೇಕು. ಸೌತೆಕಾಯಿ ಧಾರಾಳವಾಗಿ ಹಾಕಿಕೊಳ್ಳಿ, ಜಿಡ್ಡಿಗೆ ಆ ಹುಳಿ ಬೇಕೇ ಬೇಕು. ಫ್ರೈಸ್ ಕೇಳಿದ್ದಕ್ಕೆ ನಮಗೆ ಸಿಕ್ಕಿದ್ದು ಚಿಪ್ಸ್ ಪೊಟ್ಟಣ. 1978ರಲ್ಲಿ ಈ ಹೋಟೆಲನ್ನೇ ನೆನಪಿಸುವಂತೆ ಅಮೆರಿಕದ ಟಿವಿಯಲ್ಲಿ ಬಂದ ಹಾಸ್ಯದ ತುಣುಕಿನಿಂದ ‘ಫ್ರೈಸ್ ಇಲ್ಲ, ಚಿಪ್ಸ್’ ಅನ್ನುವ ಮಾತು ಅಲ್ಲಿ ಮನೆಮಾತು.

ಒಂದು ಎಚ್ಚರ. ಬರ್ಗರ್ ಅಂದರೆ ಇಲ್ಲಿ ದನದ ಮಾಂಸ. ತಿನ್ನದವರು ಕೌಂಟರಿನಲ್ಲಿ ಕೇಳಿಕೊಂಡೇ ಆರ್ಡರ್ ಮಾಡಿ. ಶುದ್ಧ ಸಸ್ಯಾಹಾರಿಗಳು ಸುಮ್ನೆ ಇದಕ್ಕೋಸ್ಕರ ಅಷ್ಟು ದೂರ ನಡೆಯಬೇಕಾಗಿಲ್ಲ. ಜಾಗ ಕತ್ತಲೆ ಕತ್ತಲೆ, ಗಲಾಟೆಯೂ ಇರುತ್ತದೆ. ನನಗೆ ಮಧ್ಯಾಹ್ನದ ನೂಕುನುಗ್ಗಲು ಆಗುವುದಿಲ್ಲ, ಮೂರು ಗಂಟೆಗೆ ಹೋದದ್ದರಿಂದ ಆರಾಮಾಗಿ ಕೂತೆವು.

ವಿವೇಕಾನಂದರು 1893ರಲ್ಲಿ ಭಾಷಣ ಮಾಡಿದ ಕಟ್ಟಡ, ಈಗಿನ ಆರ್ಟ್ ಇನ್‌ಸ್ಟಿಟ್ಯೂಟ್, ಇದೇ ರಸ್ತೆಯಲ್ಲಿದೆ. ಹೊಳೆ ದಾಟಿ ದಕ್ಷಿಣಕ್ಕೆ ಅರ್ಧ ಗಂಟೆಯೊಳಗಿನ ನಡಿಗೆ. ನಮ್ಮವರು ಹೇಗೂ ಅಲ್ಲಿಗೆ ಹೋಗೇ ಹೋಗುತ್ತಾರಲ್ವಾ, ಅದನ್ನು ಬೆಳಿಗ್ಗೆ ಮುಗಿಸಿಕೊಂಡು ಹಸಿದ ಹೊಟ್ಟೆಯಲ್ಲಿ ಇತ್ತ ನಡೆದು ಬನ್ನಿ.